ಒಗೆಯುವ ಯಂತ್ರದ ವಿದ್ಯುತ್ ದೋಷ: ಪತ್ತೆ ಮತ್ತು ಪರಿಹಾರ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಅನೇಕ ಮನೆಗಳಲ್ಲಿ ಹಳ್ಳದ ದಂಡೆಯ ಒಗೆಯುವ ಕಲ್ಲಿನ ಕೆಲಸವನ್ನು ಇಂದು ಯಂತ್ರ ವಹಿಸಿಕೊಂಡಿದೆ. ಜಡಿಮಳೆಯಲ್ಲಿ ಕಂಬಳಿ ಹಿಂಡುವ ಕಷ್ಟದಿಂದ ಹೆಂಗಸರಿಗೆ ಬಿಡುಗಡೆ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಯಂತ್ರ ಒಂದು ದಿನ ನಿಂತುಹೋದರೆ, ಪೇಟೆಯ ದುರಸ್ತಿಗಾರ ಘಟ್ಟ ಹತ್ತಿ ಬರುವಷ್ಟರಲ್ಲಿ ವಾರ ಕಳೆದಿರುತ್ತದೆ. ಬಂದವನು ‘ಹೊಸದನ್ನೇ ಕೊಳ್ಳಿ’ ಎಂದರೆ ಹಳೆಯದು ಕೊಟ್ಟಿಗೆಯ ಮೂಲೆ ಸೇರುತ್ತದೆ, ಕಡೆಗೆ ಗುಜರಿಗೆ ಹೋಗುತ್ತದೆ. ಉಕ್ಕು, ತಾಮ್ರ, ಪ್ಲಾಸ್ಟಿಕ್ಕುಗಳಿಗಾಗಿ ಎಲ್ಲೋ ಒಂದು ಬೆಟ್ಟ ಮತ್ತೆ ಅಗೆಯಲ್ಪಡುತ್ತದೆ. ಇಷ್ಟಕ್ಕೆಲ್ಲ ಕಾರಣ ಕೆಲವು ನೂರು ರೂಪಾಯಿಯ ಒಂದು ಬಿಡಿಭಾಗವಾಗಿರಬಹುದು.

ಅಡಿಕೆಯ ಸೋಗೆ ಹಳದಿಯಾಯಿತೆಂದು ಬೋರ್ಡೋ ದ್ರಾವಣ ಸಿಂಪಡಿಸಿದ ಮಾತ್ರಕ್ಕೆ ಬೇರುಹುಳುವಿನ ಬಾಧೆ ತೀರುವುದಿಲ್ಲ. ಲಕ್ಷಣ ಬೇರೆ, ಕಾರಣ ಬೇರೆ. ಯಂತ್ರದ ವಿಷಯದಲ್ಲಿಯೂ ಹೊರಗಿನಿಂದ ಒಳಕ್ಕೆ, ಸರಳದಿಂದ ಜಟಿಲಕ್ಕೆ ಸಾಗುವುದೇ ಸರಿಯಾದ ಕ್ರಮ.

ಮೊದಲ ಪರೀಕ್ಷೆ ಯಂತ್ರದ್ದಲ್ಲ, ಗೋಡೆಯ ಸಾಕೆಟ್ಟಿನದು. ಅಲ್ಲಿ ಬೇರೊಂದು ಉಪಕರಣ ನಡೆಯುತ್ತದೆಯೇ? ಪ್ಲಗ್ಗಿನ ಕಡ್ಡಿಗಳು ಕರಿಯಾಗಿವೆಯೇ? ಬಳಿಕ ಮಲ್ಟಿಮೀಟರಿನಿಂದ ವೋಲ್ಟೇಜನ್ನು ಅಳೆಯಬೇಕು. ಇರಬೇಕಾದುದು 230 ವೋಲ್ಟ್. ಪರಿವರ್ತಕದಿಂದ ದೂರದಲ್ಲಿರುವ ಮನೆಗಳಲ್ಲಿ ಪಂಪ್‌ಸೆಟ್ಟುಗಳು ಓಡುವ ವೇಳೆ ಅದು ಬಹಳ ಕುಸಿಯುವುದುಂಟು. ಸಾಮಾನ್ಯ ಇಂಡಕ್ಷನ್ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 160 ವೋಲ್ಟಿಗೆ ಇಳಿದರೆ ಬಲ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಆಗ ದೋಷ ಮಾರ್ಗದ್ದೇ ಹೊರತು ಯಂತ್ರದ್ದಲ್ಲ.

ಯಂತ್ರವನ್ನು ಬಿಚ್ಚುವ ಮೊದಲು ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವಂತೆ ಇಡಬೇಕು. ಸ್ವಿಚ್ಚನ್ನು ಆರಿಸಿದರಷ್ಟೇ ಸಾಲದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಹಳೆಯ ತಂತಿಬಲ್ಬೊಂದರ ಹೋಲ್ಡರಿನ ಎರಡು ವಯರುಗಳನ್ನು, ಬರಿಯ ತಾಮ್ರಕ್ಕೆ ಕೈ ತಾಗದಂತೆ, ಅದರ ತುದಿಗಳಿಗೆ ಮುಟ್ಟಿಸಿ ಖಾಲಿ ಮಾಡಬೇಕು.

ಇನ್ನು ಲಕ್ಷಣಗಳು. ದೀಪವೇ ಹೊತ್ತದಿದ್ದರೆ ವಯರು, ಫ್ಯೂಸುಗಳ ಸಂಪರ್ಕವನ್ನು ಮೀಟರಿನಿಂದ ನೋಡಬೇಕು. ಇಲಿ ಕಡಿದ ತಂತಿ ಮಲೆನಾಡಿನಲ್ಲಿ ಅಪರೂಪವಲ್ಲ. ದೀಪ ಹೊತ್ತಿಯೂ ಹಿಂಡುವ ತೊಟ್ಟಿ ತಿರುಗದಿದ್ದರೆ ಮುಚ್ಚಳದ ಸ್ವಿಚ್ಚನ್ನು ಪರೀಕ್ಷಿಸಬೇಕು. ತೇವಕ್ಕೆ ಅದರ ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ಬೆಲ್ಟ್ ಕಳಚಿ ನೋಡಿದಾಗ ಮೋಟಾರು ಸಡಿಲವಾಗಿದ್ದೂ, ಚಾಲೂ ಮಾಡಿದಾಗ ಗುಂಯ್‌ಗುಡುತ್ತ ತಿರುಗದಿದ್ದರೆ ಮೊದಲ ಸಂಶಯ ಕೆಪಾಸಿಟರಿನ ಮೇಲೆ ಬೀಳಬೇಕು. 10 ಮೈಕ್ರೋಫ್ಯಾರಡ್ ಎಂದು ಬರೆದಿರುವುದು ಮೀಟರಿನಲ್ಲಿ 6 ತೋರಿಸಿದರೆ ಅದು ಸತ್ತಂತೆಯೇ. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟ್ ಅಂಕಿ ಕಡಿಮೆಯಿರಬಾರದು. ಮೋಟಾರಿನ ಸುರುಳಿ ಸುಟ್ಟ ವಾಸನೆ ಬಂದರೆ, ಅಥವಾ ಸಿಡಿಲಿಗೆ ಎಲೆಕ್ಟ್ರಾನಿಕ್ ಫಲಕ ಹಾಳಾಗಿದ್ದರೆ, ಅದು ಪರಿಣತರ ಕೆಲಸ. ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಿಗೆ ಮುನ್ನವೇ ಪ್ಲಗ್ ಕಿತ್ತಿಡುವುದು ಅದಕ್ಕೆ ಅಗ್ಗದ ಮದ್ದು.

ಎಲ್ಲಕ್ಕಿಂತ ಗಂಭೀರವಾದ ಲಕ್ಷಣ ಇನ್ನೊಂದಿದೆ. ಯಂತ್ರವನ್ನು ಮುಟ್ಟಿದಾಗ ಕೈ ಜುಮ್ಮೆನ್ನುವುದು. ‘ಸ್ವಲ್ಪ ಕರೆಂಟು ಹೊಡೆಯುತ್ತದೆ, ಚಪ್ಪಲಿ ಹಾಕಿಕೊಳ್ಳಿ’ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಒದ್ದೆ ನೆಲ, ಒದ್ದೆ ಕೈ, ಬರಿಗಾಲು ಸೇರಿದೆಡೆ ಆ ಸ್ವಲ್ಪವೇ ಪ್ರಾಣ ತೆಗೆಯಬಲ್ಲದು. ಅಂಥ ಯಂತ್ರವನ್ನು ಆ ಕ್ಷಣವೇ ನಿಲ್ಲಿಸಬೇಕು. ಮುಖ್ಯ ಸ್ವಿಚ್ ಆರಿಸಿದ ಬಳಿಕವೇ ಅದರ ಪ್ಲಗ್ ಕೀಳಬೇಕು.

ಸೋರಿಕೆ ಪ್ರಾಣಾಂತಿಕವಾಗದಿರಲು ಎರಡು ಕಾವಲುಗಳಿವೆ. ಒಂದು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಸಾಮಾನ್ಯ ಎಂಸಿಬಿ ಅತಿಭಾರಕ್ಕೆ, ಶಾರ್ಟ್ ಸರ್ಕ್ಯೂಟಿಗೆ ಬೀಳುತ್ತದೆ. ಮನುಷ್ಯನ ಮೈಯಲ್ಲಿ ಹರಿಯುವ ಅಲ್ಪ ವಿದ್ಯುತ್ತು ಅದಕ್ಕೆ ತಿಳಿಯದು. ಆರ್‌ಸಿಸಿಬಿ ಪದೇಪದೇ ಬೀಳುತ್ತಿದ್ದರೆ ಅದನ್ನು ತಪ್ಪಿಸಿ ಜೋಡಿಸುವುದು ನಾಯಿ ಬೊಗಳಿತೆಂದು ನಾಯಿಯನ್ನೇ ಕೊಂದು ಕಳ್ಳನಿಗೆ ಬಾಗಿಲು ತೆರೆದಂತೆ. ನೀರು ಕಾಯಿಸುವ ಹಂತದಲ್ಲಿ ಮಾತ್ರ ಬಿದ್ದರೆ ಹೀಟರಿನಲ್ಲಿ, ಹೊರಹಾಕುವ ಹಂತದಲ್ಲಿ ಬಿದ್ದರೆ ಪಂಪಿನಲ್ಲಿ ಸೋರಿಕೆಯನ್ನು ಹುಡುಕಬೇಕು.

ಎರಡನೆಯದು ಭೂಸಂಪರ್ಕ, ಅಂದರೆ ಅರ್ಥಿಂಗ್. ಇದು ಮಣ್ಣಿನ ವಿಷಯವೂ ಹೌದು. ಮಣ್ಣಿನಲ್ಲಿ ವಿದ್ಯುತ್ತು ಹರಿಯುವುದು ಮುಖ್ಯವಾಗಿ ತೇವ ಮತ್ತು ಅದರಲ್ಲಿ ಕರಗಿದ ಲವಣಗಳ ಮೂಲಕ. ಜಂಬಿಟ್ಟಿಗೆಯ ಮೊರಡುನೆಲ ಮಳೆಗಾಲದಲ್ಲಿ ತೊಯ್ದಿದ್ದರೂ ಮಾರ್ಚಿನ ಹೊತ್ತಿಗೆ ಒಣಗಿ ವಿದ್ಯುತ್ತಿಗೆ ಬಲವಾದ ತಡೆಯೊಡ್ಡುತ್ತದೆ. ಭಾರಿ ಮಳೆಯು ಗುಂಡಿಗೆ ಹಾಕಿದ ಉಪ್ಪನ್ನೂ ವರ್ಷ ವರ್ಷ ತೊಳೆದೊಯ್ಯುತ್ತದೆ. ಆದುದರಿಂದ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರೆರೆಯುವುದು ತೋಟಕ್ಕೆ ನೀರು ಬಿಡುವಷ್ಟೇ ಅಗತ್ಯ. ಅದರ ತಡೆಯನ್ನು ಬೇಸಿಗೆಯಲ್ಲಿಯೇ ಪರವಾನಗಿ ಹೊಂದಿದ ವಿದ್ಯುತ್ ಕೆಲಸಗಾರರಿಂದ ಅಳೆಸಬೇಕು. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವುದು, ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೆ ಕಟ್ಟುವುದು ಎಂದಿಗೂ ಸಲ್ಲದು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಒಗೆಯುವ ಯಂತ್ರವೂ ಸೇರಿದೆ. ಆದರೆ ಕಾನೂನು ಘಟ್ಟ ಹತ್ತುವುದು ನಿಧಾನ. ಊರಿಗೊಂದು ಮಲ್ಟಿಮೀಟರ್, ಅದನ್ನು ಬಳಸಬಲ್ಲ ಇಬ್ಬರು ಯುವಕ-ಯುವತಿಯರು ಇದ್ದರೆ ಎಷ್ಟೋ ಯಂತ್ರಗಳು ಗುಜರಿಯಿಂದ ಉಳಿಯುತ್ತವೆ.

ಸಭೆ ಮುಗಿಸಿ ಮನೆಗೆ ಹೋದವರು ಇಂದೇ ಮಾಡಬಹುದಾದ ಕೆಲಸವೊಂದಿದೆ. ಮುಖ್ಯ ಫಲಕದ ಆರ್‌ಸಿಸಿಬಿಯ ಮೇಲಿರುವ ‘ಟೆಸ್ಟ್’ ಗುಂಡಿಯನ್ನು ಒಮ್ಮೆ ಒತ್ತಿ ನೋಡುವುದು. ವಿದ್ಯುತ್ತು ಕೂಡಲೇ ಕಡಿಯಿತೆಂದರೆ ಆ ಕಾವಲು ಎಚ್ಚರವಾಗಿದೆ. ಕಡಿಯದಿದ್ದರೆ, ಅಥವಾ ಅಂಥದೊಂದು ಮನೆಯಲ್ಲಿ ಇಲ್ಲವೇ ಇಲ್ಲವಾದರೆ, ಮುಂದಿನ ಒಗೆತಕ್ಕೆ ಮೊದಲು ಆಗಬೇಕಾದ ಕೆಲಸ ಅದೇ.