ಇಂಗ್ಲಿಷ್ ಮಾಸ್ತರ ಚಂಪಾ
(ಪೀರನವಾಡಿಯಲ್ಲಿ ವಿದ್ಯಾರ್ಥಿಗಳೆದುರು ಆಡಿದ ಮಾತು)



ಪೀರನವಾಡಿಯ ಓಣಿಗಳಲ್ಲಿ ಕನ್ನಡ, ಮರಾಠಿ, ಉರ್ದು ಕಿವಿಗೆ ಬೀಳ್ತಾವ. ಇಂಗ್ಲಿಷ್ ಮಾತ್ರ ಪರೀಕ್ಷೆಯ ದಿನ ಎದುರಿಗೆ ಬಂದು ನಿಲ್ತದ. ಹಾಸ್ಟೆಲ್ ಬಿಟ್ಟು ಊರಿಗೆ ಹೋದ ಎಷ್ಟೋ ಹುಡುಗರು ಅದೊಂದರಲ್ಲೇ ನಪಾಸಾದವರು. ಅದಕ್ಕೇ ಇವತ್ತು ಒಬ್ಬ ಇಂಗ್ಲಿಷ್ ಮಾಸ್ತರರ ಬಗ್ಗೆ ಮಾತಾಡ್ತೀನಿ.

ಚಂದ್ರಶೇಖರ ಪಾಟೀಲ, ನಮಗೆಲ್ಲ ಚಂಪಾ. ಹುಟ್ಟಿದ್ದು 1939ರಲ್ಲಿ, ಸವಣೂರು ಕಡೆಯ ಹತ್ತಿಮತ್ತೂರಿನಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದರು, ಪ್ರಾಧ್ಯಾಪಕರಾದರು. ನಡುವೆ ಇಂಗ್ಲೆಂಡಿನ ಲೀಡ್ಸಿಗೆ ಹೋಗಿ ಓದಿ ಬಂದರು. ಇಷ್ಟಾದ ಮ್ಯಾಲೆ ಬಹಳ ಮಂದಿ ತಮ್ಮೂರ ಮಾತನ್ನೇ ಮರೀತಾರ. ಇವರು ಕನ್ನಡದಲ್ಲೇ ಕವಿತೆ, ನಾಟಕ ಬರೆದರು. 1964ರಲ್ಲಿ ಗೆಳೆಯರೊಡನೆ ಶುರು ಮಾಡಿದ 'ಸಂಕ್ರಮಣ' ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದರು. ತುರ್ತುಪರಿಸ್ಥಿತಿಯಲ್ಲಿ ಜೈಲಿಗೂ ಹೋದರು. ತಿಂಗಳ ಪಗಾರದ ನೌಕರಿ ಇದ್ದಾಗಿನ ಮಾತಿದು!

ಚಂಪಾ ನಮ್ಮ ಕೇರಿಯವರಲ್ಲ. ಆದರೂ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೇಬೇಕೆಂದು ಹಟ ಹಿಡಿದವರಲ್ಲಿ ಅವರಿದ್ದರು. ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಒಂದು ಗೋಷ್ಠಿ ಕೊಟ್ಟಿದ್ದರೆ ಮುಗೀತಿತ್ತು. ಕೊಡಲಿಲ್ಲವೆಂದೇ 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. 2015ರಲ್ಲಿ ಎಂ. ಎಂ. ಕಲಬುರ್ಗಿಯವರ ಕೊಲೆಯಾದಾಗ ಚಂಪಾ ಪಂಪ ಪ್ರಶಸ್ತಿಯನ್ನು ವಾಪಸು ಮಾಡಿದರು. 2022ರ ಜನವರಿಯಲ್ಲಿ ತೀರಿಕೊಂಡರು.

ಇಂಗ್ಲಿಷ್ ಕಲಿಸುವವರು ಯಾರ ಪರ ನಿಲ್ತಾರ ಅಂತ ನಾವು ಕೇಳಬೇಕು. ನಿಮ್ಮ ಕಾಲೇಜಿನ ಮಾಸ್ತರರ ಹತ್ತಿರ ಹೋಗ್ರಿ. ತಿಳಿಯದ ಪಾಠ ಕನ್ನಡದಾಗ ಬಿಡಿಸಿ ಹೇಳ್ರಿ ಅಂತ ಕೇಳ್ರಿ. ಒಬ್ಬರೇ ಹೋಗಬ್ಯಾಡ್ರಿ, ನಾಲ್ಕು ಮಂದಿ ಕೂಡಿ ಹೋಗ್ರಿ.