ಹೊತ್ತು ತಂದವರ ನಂಬಿಕೆ



ಬೆಳಗಾವಿ ಜಿಲ್ಲೆಯ ಮಂಗಸೂಳಿ ಎಂದರೆ ಖಂಡೋಬನ ಗುಡಿ, ಭಂಡಾರದ ಹಳದಿ. ಆ ಊರಿನವರಿಗೆ, ಕಾಗವಾಡ, ಉಗಾರದವರಿಗೆ, ಇನ್ನೊಂದು ದಾರಿಯೂ ತಲೆಮಾರುಗಳಿಂದ ಗೊತ್ತು. ಮನೆಯಲ್ಲಿ ಯಾರಿಗಾದರೂ ಜಡ್ಡು ಜೋರಾದರೆ ಹಿಡಿಯುವ, ಗಡಿಯಾಚೆ ಮಹಾರಾಷ್ಟ್ರದ ಮಿರಜದ ದಾರಿ. ಕೆನಡಾದಲ್ಲಿ ಹುಟ್ಟಿದ ವೈದ್ಯ ವಿಲಿಯಂ ವಾನ್ಲೆಸ್ ಅವರು ಕ್ರೈಸ್ತ ಮಿಷನ್ನಿನಿಂದ ಬಂದು ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದರು.  

ನಮ್ಮ ಕಡೆ ಜಡ್ಡಾದವರನ್ನು ಒಬ್ಬರನ್ನೇ ದವಾಖಾನೆಗೆ ಕಳಿಸುವ ರೂಢಿಯಿಲ್ಲ. ತಾಯಿ ಬರುತ್ತಾಳೆ, ತಮ್ಮ ಬರುತ್ತಾನೆ, ಕಟಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗಂಟು ಬರುತ್ತದೆ. ಕಬ್ಬಿಗೆ ನೀರು ಹಾಯಿಸಲು, ಎಮ್ಮೆ ಹಿಂಡಲು ಊರಲ್ಲಿ ಇನ್ನೊಬ್ಬರು ನಿಲ್ಲುತ್ತಾರೆ. ಮಲಗಿದವನಿಗೆ ದೇವರ ಹೆಸರು ಹೇಳಲೂ ತ್ರಾಣವಿಲ್ಲದಾಗ ಅವನ ಪರವಾಗಿ ತಾಯಿ ಬೇಡಿಕೊಳ್ಳುತ್ತಾಳೆ.

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಇಂಥದೇ ಪ್ರಸಂಗವಿದೆ. ಕಪೆರ್ನೌಮೆಂಬ ಊರಿನಲ್ಲಿ ಲಕ್ವ ಹೊಡೆದ ಒಬ್ಬನನ್ನು ನಾಲ್ವರು ಹೊತ್ತು ತರುತ್ತಾರೆ. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಮಾಳಿಗೆ ಹತ್ತಿ, ಮಣ್ಣು ಕಿತ್ತು, ಹಾಸಿಗೆಯ ಸಮೇತ ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ನಮ್ಮ ಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಯೇಸು ನೋಡಿದ್ದು ಹಾಗೆ ಹೊತ್ತು ತಂದವರ ನಂಬಿಕೆಯನ್ನು. ಮಲಗಿದ್ದವನು ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಕ್ರೈಸ್ತ ಧರ್ಮದಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸಿದ ಮಾತು ಇದು. ಕಷ್ಟದಲ್ಲಿ ನಂಬಿಕೆ ಕಳಕೊಂಡೆ ಎಂದು ಕೊರಗುವವರಿಗೆ ಇದರಲ್ಲಿ ದೊಡ್ಡ ಆಸರೆಯಿದೆ. ನಿಮಗೆ ಆಗದ ದಿನ ಮನೆಯವರ ನಂಬಿಕೆ ನಿಮ್ಮನ್ನು ಹೊರುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಕಾಗವಾಡ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿದಾಗ ಹೊರುವ ಈ ಕೆಲಸವನ್ನು ಎಷ್ಟೋ ಮನೆಗಳು ಮಾಡಿದವು. ಹಾಸಿಗೆ ಹಿಡಿದ ಹಿರಿಯರನ್ನು ಎತ್ತಿಕೊಂಡು, ದನಕರು ಹೊಡಕೊಂಡು ಪರಿಹಾರ ಕೇಂದ್ರಕ್ಕೆ ನಡೆದರು. ಅಲ್ಲಿ ಒಂದೇ ಜಮಖಾನೆಯ ಮೇಲೆ ಮಲಗಿದವರ ದೇವರುಗಳು ಬೇರೆ ಬೇರೆ ಇದ್ದವು, ಚಿಂತೆ ಒಂದೇ ಇತ್ತು.

ಕಪೆರ್ನೌಮಿನ ಆ ಮನುಷ್ಯನಿಗೆ ಯೇಸು ತನ್ನ ಹಿಂದೆ ಬಾ ಎನ್ನಲಿಲ್ಲ. ಎದ್ದು ಹಾಸಿಗೆ ಎತ್ತಿಕೊಂಡು ಮನೆಗೆ ಹೋಗು ಎಂದ. ಕಾಯುತ್ತ ಕೂತ ಮನೆಯವರಿಗೆ ಅವನು ಮರಳಿ ಸಿಗಬೇಕಿತ್ತು. ಕಿತ್ತ ಮಾಳಿಗೆಯನ್ನು ಯಾರು ಸರಿ ಮಾಡಿದರೆಂದು ಮಾರ್ಕ ಹೇಳುವುದಿಲ್ಲ. ನೆರೆ ಇಳಿದ ಮೇಲೆ ನೆನೆದ ಗೋಡೆಗಳು ಒಂದೊಂದಾಗಿ ಕುಸಿಯುವುದನ್ನು ಕಂಡ ನಮ್ಮ ಜನ ಆ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಆ ನಾಲ್ವರೇ ಮರುದಿನ ಬಂದು ಮಣ್ಣು ಕಲಸಿರಬೇಕು ಎಂದು ನಾನು ನಂಬಿದ್ದೇನೆ.