ತೋಡಿನ ಆರೋಗ್ಯವನ್ನು ಅಳೆಯುವ ಬಗೆ

(ಮಂಗಳೂರಿನಲ್ಲಿ ಗುಡ್ಡಗಾಡಿನ ಕೃಷಿಕರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಂಗಳೂರು ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ನಡುವಿನ ನಗರ. ನಗರದ ನಲ್ಲಿಗಳಿಗೆ ಬರುವ ನೀರು ತುಂಬೆಯ ಕಿಂಡಿ ಅಣೆಕಟ್ಟಿನದು. ಆದರೆ ಆ ನೀರು ತುಂಬೆಯಲ್ಲಿ ಹುಟ್ಟುವುದಿಲ್ಲ. ಘಟ್ಟದ ಇಳಿಜಾರುಗಳಲ್ಲಿ, ಕಾಡಿನ ಬೇರುಗಳ ನಡುವೆ, ಅಡಿಕೆ ತೋಟಗಳ ತಲೆಭಾಗದಲ್ಲಿ ಒಸರುವ ಅಸಂಖ್ಯ ಒರತೆಗಳಲ್ಲಿ ಅದು ಹುಟ್ಟುತ್ತದೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಆ ಬಳಿಕ ನದಿಯಲ್ಲಿ ಹರಿಯುವುದು ಹೆಚ್ಚಾಗಿ ಗುಡ್ಡವು ಹಿಡಿದಿಟ್ಟುಕೊಂಡು ಮೆಲ್ಲನೆ ಬಿಟ್ಟುಕೊಡುವ ನೀರು. ಆ ನೀರನ್ನು ಹೊಳೆಗೆ ತಲುಪಿಸುವ ಚಿಕ್ಕ ಹರಿವನ್ನೇ ಈ ನಾಡಿನ ಜನ ತೋಡು ಎನ್ನುತ್ತಾರೆ.

2016 ಮತ್ತು 2019ರ ಬೇಸಿಗೆಗಳಲ್ಲಿ ಮಂಗಳೂರಿಗೆ ನೀರಿನ ಅಭಾವ ಬಂದೊದಗಿತು. ನಲ್ಲಿ ಬತ್ತಿದಾಗ ನಗರಕ್ಕೆ ಸುದ್ದಿ ತಿಳಿಯಿತು. ಮೇಲಿನ ತೋಡುಗಳು ಸೊರಗುವುದು ಅದಕ್ಕೆ ತಿಂಗಳುಗಳ ಮೊದಲೇ ಆರಂಭವಾಗಿರುತ್ತದೆ. ಅದನ್ನು ಅಳೆದವರು, ಬರೆದಿಟ್ಟವರು ಇದ್ದರೇ ಎಂಬುದೇ ಇಂದಿನ ಮಾತಿನ ವಿಷಯ.

ಟ್ರೌಟ್ ಇಲ್ಲದ ನಾಡಿನಲ್ಲಿ

ಯುರೋಪು, ಅಮೆರಿಕಗಳಲ್ಲಿ ಚಿಕ್ಕ ತೊರೆಯೊಂದರ ಆರೋಗ್ಯವನ್ನು ಟ್ರೌಟ್ ಎಂಬ ಮೀನಿನಿಂದ ಗುರುತಿಸುವ ರೂಢಿಯಿದೆ. ತಣ್ಣನೆಯ ನೀರು, ತುಂಬು ಆಮ್ಲಜನಕ, ಮೊಟ್ಟೆಯಿಡಲು ಹೂಳಿಲ್ಲದ ಹರಳುಕಲ್ಲಿನ ತಳ ಇವಿಲ್ಲದೆ ಅದು ಬಾಳದು. ಬ್ರಿಟಿಷರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನೀಲಗಿರಿಯ ಎತ್ತರದ ತೊರೆಗಳಲ್ಲಿ ಅದನ್ನು ನೆಲೆಗೊಳಿಸಿದರು. ಕರಾವಳಿಯ ತೋಡುಗಳು ಅದಕ್ಕೆ ಬೆಚ್ಚಗಾಗುತ್ತವೆ. ಇಲ್ಲಿನ ಹೊಳೆಗಳ ಮೀನು ಬೇರೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಗ್ರಂಥ 1873ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ. ಅದರ ಮುಖ್ಯ ಪಾತ್ರಧಾರಿ ಮಹಶೀರ್, ಅಂದರೆ ಶಿಶಿಲದ ಕಪಿಲಾ ಹೊಳೆಯಲ್ಲಿ ಭಕ್ತರು ‘ದೇವರ ಮೀನು’ ಎಂದು ಕಾಪಾಡಿಕೊಂಡು ಬಂದಿರುವ ಮೀನಿನ ಕುಲ.

ಶಿಶಿಲದಲ್ಲಿ 1996ರಲ್ಲಿ ವಿಷ ಬೆರೆತು ಸಾವಿರಾರು ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ದೊಡ್ಡ ಮೀನು ಸತ್ತು ತೇಲಿದರೆ ಊರೆಲ್ಲ ನೋಡುತ್ತದೆ. ಒಂದು ಹೆಜ್ಜೆ ಅಗಲದ ತೋಡಿನಲ್ಲಿ ಸಾಯುವ ಚಿಕ್ಕ ಜೀವಿಗಳನ್ನು ನೋಡುವವರು ಇರುವುದಿಲ್ಲ. ಆದುದರಿಂದ ತೋಡನ್ನು ಪರೀಕ್ಷಿಸಲು ಬೇರೆ ಅಳತೆಗೋಲುಗಳು ಬೇಕು. ಅವು ದುಬಾರಿಯೇನೂ ಅಲ್ಲ.

ನೀರು ಎಷ್ಟಿದೆ?

ಮೊದಲ ಅಳತೆ ಹರಿವಿನದು. ತೋಡು ನೇರವಾಗಿ ಹರಿಯುವ ಹತ್ತು ಮೀಟರ್ ಉದ್ದವನ್ನು ಗುರುತಿಸಬೇಕು. ಅಗಲವನ್ನು ಟೇಪಿನಿಂದಲೂ, ಆಳವನ್ನು ಐದಾರು ಕಡೆ ಕೋಲಿನಿಂದಲೂ ಅಳೆದು ಸರಾಸರಿ ತೆಗೆಯಬೇಕು. ಒಂದು ಒಣಗಿದ ಅಡಿಕೆಯನ್ನೋ ಕಿತ್ತಳೆಯನ್ನೋ ತೇಲಿಬಿಟ್ಟು ಆ ದೂರವನ್ನು ದಾಟುವ ಹೊತ್ತನ್ನು ಮೂರು ಬಾರಿ ಎಣಿಸಬೇಕು. ಅಗಲ, ಆಳ, ವೇಗ ಮೂರನ್ನು ಗುಣಿಸಿ, ತಳದ ನೀರು ಮೇಲಿನದಕ್ಕಿಂತ ನಿಧಾನವಾಗಿ ಹರಿಯುವ ಕಾರಣ 0.8ರಿಂದ ಮತ್ತೆ ಗುಣಿಸಿದರೆ ಹರಿವು ದೊರೆಯುತ್ತದೆ.

ಉದಾಹರಣೆಗೆ, ಅಕ್ಟೋಬರದಲ್ಲಿ ಒಂದೂವರೆ ಮೀಟರ್ ಅಗಲ, 20 ಸೆಂಟಿಮೀಟರ್ ಆಳದ ತೋಡಿನಲ್ಲಿ ಅಡಿಕೆ ಹತ್ತು ಮೀಟರನ್ನು 40 ಸೆಕೆಂಡಿನಲ್ಲಿ ದಾಟಿತು ಎನ್ನೋಣ. ಹರಿವು ಸೆಕೆಂಡಿಗೆ 60 ಲೀಟರ್. ಅದೇ ತೋಡು ಮಾರ್ಚ್‌ನಲ್ಲಿ 80 ಸೆಂಟಿಮೀಟರ್ ಅಗಲಕ್ಕೆ, 5 ಸೆಂಟಿಮೀಟರ್ ಆಳಕ್ಕೆ ಇಳಿದು, ಹತ್ತು ಮೀಟರಿಗೆ 100 ಸೆಕೆಂಡು ತೆಗೆದುಕೊಂಡರೆ ಹರಿವು ಸೆಕೆಂಡಿಗೆ 3.2 ಲೀಟರ್ ಮಾತ್ರ. ದಿನಕ್ಕೆ ಲೆಕ್ಕ ಹಾಕಿದರೆ ಇದು 2,76,000 ಲೀಟರಿಗೂ ಹೆಚ್ಚು. ಕೇಳಲು ದೊಡ್ಡ ಸಂಖ್ಯೆ. ಆದರೆ ಸೆಕೆಂಡಿಗೆ ಮೂರು ಲೀಟರ್ ಎಳೆಯುವ ಒಂದೇ ಪಂಪು ತೋಡಿಗಿಳಿದರೆ, ಅದು ಓಡುವಷ್ಟು ಹೊತ್ತು ಕೆಳಗಿನ ತೋಟಕ್ಕೂ ಕೆಳಗಿನ ಜೀವಿಗಳಿಗೂ ಉಳಿಯುವುದು ಬಹುತೇಕ ಶೂನ್ಯವೇ. ಮಳೆಗಾಲದಲ್ಲಿ ಇದೇ ಪಂಪು ಲೆಕ್ಕಕ್ಕೇ ಬಾರದು. ತೋಡಿನ ಸಹನೆಯನ್ನು ಮಾರ್ಚ್‌ನ ಅಳತೆಯಿಂದ ನಿರ್ಧರಿಸಬೇಕೇ ಹೊರತು ಜುಲೈನ ನೋಟದಿಂದಲ್ಲ.

ಒರತೆ ದೋಣಿಯಿಂದ ಬೀಳುವಲ್ಲಿ ಬಕೆಟ್ ಮತ್ತು ಗಡಿಯಾರವೇ ಸಾಕು. ಹತ್ತು ಲೀಟರಿನ ಬಕೆಟ್ 20 ಸೆಕೆಂಡಿನಲ್ಲಿ ತುಂಬಿದರೆ ಅದು ದಿನಕ್ಕೆ 43,200 ಲೀಟರ್ ಕೊಡುವ ಒರತೆ. ನಗರದ ವಿದ್ಯಾರ್ಥಿಗಳು ಒರತೆ ನೋಡಲು ಘಟ್ಟ ಹತ್ತಬೇಕಾಗಿಲ್ಲ. ಕದ್ರಿ ಮಂಜುನಾಥ ದೇವಾಲಯದ ಗೋಮುಖದಲ್ಲಿ ಬೀಳುವ ನೀರು ಗುಡ್ಡದ ಒರತೆಯೇ ಆಗಿದೆ.

ನೀರಿನ ಉಸಿರು

ಎರಡನೆಯ ಅಳತೆ ಉಷ್ಣತೆಯದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ನೀರು ಬಿಸಿಯಾದಂತೆ ಜೀವಿಗಳ ಬೇಡಿಕೆ ಏರುತ್ತದೆ, ಪೂರೈಕೆ ತಗ್ಗುತ್ತದೆ. ತೋಡಿನ ಬದಿಯ ಹೊಂಗೆ, ಮುಂಡುಗ, ವಾಟೆಗಳನ್ನು ‘ತೋಟಕ್ಕೆ ನೆರಳು’ ಎಂದು ಕಡಿದಾಗ ಆಗುವ ನಷ್ಟ ದಂಡೆಯ ಸವಕಳಿ ಮಾತ್ರವಲ್ಲ. ಮಧ್ಯಾಹ್ನ ಎರಡು ಗಂಟೆಗೆ ನೆರಳಿರುವ ಜಾಗದಲ್ಲೂ ಬೋಳು ಜಾಗದಲ್ಲೂ ಥರ್ಮಾಮೀಟರ್ ಇಟ್ಟು ನೋಡಿದ ವಿದ್ಯಾರ್ಥಿಗೆ ಇದನ್ನು ಮತ್ತೆ ವಿವರಿಸಬೇಕಾಗುವುದಿಲ್ಲ.

ಕಲ್ಲಿನಡಿಯ ಸಾಕ್ಷಿಗಳು

ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ದ ನೀರು ಆ ಕ್ಷಣದ ಸಂಗತಿಯನ್ನಷ್ಟೇ ಹೇಳುತ್ತದೆ. ನಿನ್ನೆ ರಾತ್ರಿ ಹರಿದುಹೋದ ವಿಷ ಇಂದಿನ ಬಾಟಲಿಯಲ್ಲಿ ಇರದು. ಆದರೆ ತೋಡಿನ ಕಲ್ಲುಗಳ ಅಡಿಯಲ್ಲಿ ತಿಂಗಳುಗಟ್ಟಲೆ ಬಾಳುವ ಕೀಟಗಳ ಮರಿಗಳು ಆ ಅವಧಿಯ ಎಲ್ಲವನ್ನೂ ಅನುಭವಿಸಿರುತ್ತವೆ.

ಅಂಗೈಯಗಲದ ಹತ್ತು ಕಲ್ಲುಗಳನ್ನೆತ್ತಿ, ಬಿಳಿಯ ತಟ್ಟೆಯಲ್ಲಿ ನೀರು ಹಾಕಿ ತೊಳೆದು ನೋಡಬೇಕು. ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆಗಳಿದ್ದು, ಹೊಟ್ಟೆಯ ಬದಿಗಳಲ್ಲಿ ಕಿವಿರು ಬೀಸುವುದು ಮೇಫ್ಲೈ ಮರಿ. ಎರಡೇ ಎಳೆಯ ಬಾಲವಿದ್ದು ಕಾಲಿಗೆ ಎರಡೆರಡು ಉಗುರುಗಳಿರುವುದು ಸ್ಟೋನ್‌ಫ್ಲೈ. ಮರಳು, ಎಲೆಚೂರುಗಳನ್ನು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಳ್ಳುವುದು ಕ್ಯಾಡಿಸ್‌ಫ್ಲೈ. ಈ ಮೂರೂ ಬಗೆಬಗೆಯಾಗಿ ದೊರೆತರೆ ತೋಡು ಆರೋಗ್ಯವಾಗಿದೆ ಎಂದು ಹೇಳಬಹುದು. ಇವು ಮಾಯವಾಗಿ ಕೆಂಪು ಹುಳು, ಜಿಗಣೆ, ಬಾಲದ ಕೊಳವೆಯಿಂದ ಮೇಲಿನ ಗಾಳಿ ಹೀರುವ ಹುಳುಗಳಷ್ಟೇ ಉಳಿದಿದ್ದರೆ ಕೊಳಕು ಸೇರಿದೆ, ಆಮ್ಲಜನಕ ಕುಸಿದಿದೆ ಎಂದರ್ಥ. ಬ್ರಿಟನ್ನಿನಲ್ಲಿ 1970ರ ದಶಕದ ಕೊನೆಯಲ್ಲಿ ರೂಪುಗೊಂಡ ಪದ್ಧತಿಯೊಂದು ಇಂಥ ಕೀಟಕುಟುಂಬಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತದೆ. ಅಂಕಪಟ್ಟಿಯಿಲ್ಲದಿದ್ದರೂ, ಯಾವ ಬಗೆ ಎಷ್ಟು ಎಂದು ಎಣಿಸಿ ಬರೆದಿಟ್ಟರೆ ಅದೇ ತೋಡನ್ನು ಮುಂದಿನ ವರ್ಷದೊಡನೆ ಹೋಲಿಸಲು ಸಾಕು. ನೋಡಿದ ಮೇಲೆ ಕಲ್ಲನ್ನೂ ಜೀವಿಗಳನ್ನೂ ಇದ್ದಲ್ಲಿಗೇ ಮರಳಿಸುವುದು ಪರೀಕ್ಷಕನ ಧರ್ಮ.

ತೋಟದಿಂದ ತೋಡಿಗೆ

ಕೃಷಿಕರಿಗೆ ಕಹಿಯೆನಿಸಬಹುದಾದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಲೆಸ್ಲಿ ಕೋಲ್ಮನ್ ಅವರು ಮೈಸೂರು ಸೀಮೆಯಲ್ಲಿ ಬಳಕೆಗೆ ತಂದು ನೂರು ವರ್ಷಗಳೇ ಮೀರಿವೆ. ಅದಿಲ್ಲದೆ ಫಸಲು ಉಳಿಯದು, ನಿಜ. ಆದರೆ ಶೇಕಡಾ ಒಂದರ ದ್ರಾವಣದ ಒಂದೊಂದು ಲೀಟರಿನಲ್ಲೂ ಸುಮಾರು ಎರಡೂವರೆ ಗ್ರಾಂ ತಾಮ್ರವಿರುತ್ತದೆ. ಸುಣ್ಣದಂಶ ಕಡಿಮೆಯಿರುವ ಮೃದು ನೀರಿನಲ್ಲಿ, ಲೀಟರಿಗೆ ಕೆಲವೇ ಹತ್ತು ಮೈಕ್ರೋಗ್ರಾಂ ಕರಗಿದ ತಾಮ್ರ ಟ್ರೌಟ್ ಮರಿಗಳನ್ನು ಕೊಲ್ಲುತ್ತದೆ. ಘಟ್ಟದ ತೋಡುಗಳದ್ದೂ ಮೃದು ನೀರೇ. ಎರಡೂವರೆ ಗ್ರಾಂ ತಾಮ್ರವೆಲ್ಲ ಕರಗಿತೆಂದರೆ, ಅದನ್ನು ಲೀಟರಿಗೆ 25 ಮೈಕ್ರೋಗ್ರಾಮಿಗೆ ಇಳಿಸಲು ಒಂದು ಲಕ್ಷ ಲೀಟರ್ ನೀರು ಬೇಕು. ದ್ರಾವಣದ ಸುಣ್ಣವು ಬಹುಪಾಲು ತಾಮ್ರವನ್ನು ಹಿಡಿದಿಡುವುದರಿಂದ ನಿಜವಾದ ಹಾನಿ ಇದಕ್ಕಿಂತ ಕಡಿಮೆ. ಹಾಗಿದ್ದರೂ ಉಳಿದ ದ್ರಾವಣವನ್ನು ತೋಡಿಗೆ ಸುರಿಯಲು, ಡ್ರಮ್ಮು ಪಂಪುಗಳನ್ನು ತೋಡಿನಲ್ಲೇ ತೊಳೆಯಲು ಅದು ಅನುಮತಿಯಲ್ಲ. ಬೇಕಾದಷ್ಟೇ ಕಲಸುವುದು, ತೋಡಿನಿಂದ ದೂರ ತೊಳೆಯುವುದು, ತೊಳೆದ ನೀರನ್ನು ತೋಟದ ಮಣ್ಣಿಗೇ ಬಿಡುವುದು, ಇವಕ್ಕೆ ಖರ್ಚಿಲ್ಲ.

ಎಂಡೋಸಲ್ಫಾನ್ ಕಲಿಸಿದ ಪಾಠವನ್ನು ಈ ನಾಡು ಮರೆಯಲಾಗದು. ಕಾಸರಗೋಡಿನ ಪಡ್ರೆಯ ಸುತ್ತಮುತ್ತ ಗೇರುಗುಡ್ಡಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ವಿಷವನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡದ ಜನರೂ ಅದರ ಫಲವನ್ನು ಉಂಡರು. ಗುಡ್ಡದ ಮೇಲೆ ಬಿದ್ದದ್ದು ಕಣಿವೆಯ ಸುರಂಗ, ಬಾವಿ, ತೋಡುಗಳಿಗೆ ಇಳಿಯಿತು. ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬೆಲೆ ತೆತ್ತಾಗಿತ್ತು.

ಬರೆದಿಟ್ಟರೆ ಮಾತ್ರ ಸಾಕ್ಷಿ

ಎತ್ತಿನಹೊಳೆಯೂ ಅದರ ನೆರೆಯ ಹಳ್ಳಗಳೂ ನೇತ್ರಾವತಿಯ ತಲೆನೀರು. ಅಲ್ಲಿಂದ 24 ಟಿಎಂಸಿ ನೀರು ದೊರೆಯುವುದೆಂದು ಯೋಜನೆ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಅವರ ತಂಡ ಆ ಪ್ರದೇಶದ ಒಟ್ಟು ಇಳುವರಿಯನ್ನೇ ಸುಮಾರು ಒಂಬತ್ತೂವರೆ ಟಿಎಂಸಿ ಎಂದು ಅಂದಾಜಿಸಿತು. ಇಷ್ಟು ದೊಡ್ಡ ಅಂತರದ ವಾದ ನಡೆಯುತ್ತಿದ್ದಾಗ ಹಳ್ಳಿಗರ ಕೈಯಲ್ಲಿ ನೆನಪುಗಳಿದ್ದವು, ಲೆಕ್ಕದ ಪುಸ್ತಕಗಳಿರಲಿಲ್ಲ. ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ತೆಗೆಯುವುದು ಮಳೆಗಾಲದ ನೀರನ್ನು ಮಾತ್ರ ಎಂದು ಹೇಳಲಾಗಿದೆ. ಬೇಸಿಗೆಯ ಹರಿವಿಗೆ ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಇನ್ನು ಹತ್ತು ವರ್ಷಗಳ ಬಳಿಕ ಯಾರಾದರೂ ಕೇಳಿದರೆ ಉತ್ತರ ಇಂದಿನಿಂದ ಬರೆದ ಅಂಕಿಗಳಲ್ಲಿರಬೇಕು.

ಅದಕ್ಕೆ ಒಂದು ಸರಳ ಕ್ರಮವಿದೆ. ವರ್ಷಕ್ಕೆ ನಾಲ್ಕು ದಿನ: ತುಲಾ ಸಂಕ್ರಮಣ, ಮಕರ ಸಂಕ್ರಮಣ, ಬಿಸು, ಪತ್ತನಾಜೆ. ಇವೆಲ್ಲ ಸೌರಮಾನದ ದಿನಗಳಾದುದರಿಂದ ಪ್ರತಿವರ್ಷ ಹೆಚ್ಚುಕಡಿಮೆ ಅದೇ ದಿನಾಂಕಕ್ಕೆ ಬರುತ್ತವೆ; ಹೋಲಿಕೆಗೆ ಅನುಕೂಲ. ಅಂದು ಅದೇ ಜಾಗದಲ್ಲಿ ಹರಿವು, ಉಷ್ಣತೆ, ಹತ್ತು ಕಲ್ಲುಗಳ ಜೀವಿಗಳು, ದಂಡೆಯ ಸ್ಥಿತಿ, ಹೊಸತಾಗಿ ಇಳಿದ ಪಂಪು, ಕೊರೆದ ಕೊಳವೆಬಾವಿ ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ಕಟ್ಟ ಕಟ್ಟಿದ್ದರೆ ಅದರ ಕೆಳಗೂ ನೀರು ಹರಿಯುತ್ತಿದೆಯೇ ಎಂದು ನೋಡಿ ದಾಖಲಿಸಬೇಕು. ಪುಸ್ತಕದ ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಪಂಚಾಯತಿನಲ್ಲಿ ಇರಲಿ.

ಮಕರ ಸಂಕ್ರಮಣದಂದು ಹರಿವು ಹಿಂದಿನ ವರ್ಷದ ಅರ್ಧಕ್ಕೆ ಇಳಿದಿದ್ದರೆ ಊರಿಗೆ ಇನ್ನೂ ನಾಲ್ಕು ತಿಂಗಳ ಕಾಲಾವಕಾಶವಿರುತ್ತದೆ. ಪಂಪುಗಳಿಗೆ ಸರದಿ ಗೊತ್ತುಪಡಿಸಲು, ಕಟ್ಟದ ಒಂದು ಹಲಗೆಯನ್ನು ತೆಗೆಯಲು, ಕೆಳಗಿನ ಊರಿಗೂ ನಗರಕ್ಕೂ ತಿಳಿಸಲು ಅಷ್ಟು ಸಮಯ ಸಾಕು. ಪತ್ತನಾಜೆಯಂದು ತಿಳಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಈ ಸಭೆಯಿಂದ ಮರಳುವ ಪ್ರತಿ ಊರಿನವರೂ ಒಂದೊಂದು ತೋಡನ್ನು ಆರಿಸಿಕೊಂಡು ಬರುವ ಸಂಕ್ರಮಣದಿಂದಲೇ ಆರಂಭಿಸಬೇಕೆಂದು ವಿನಂತಿ.